ಜಾಗ ಬಿಡಬೇಡ

ಭಾನುವಾರದ ಪ್ರಾರ್ಥನೆ ಮುಗಿದು ಜನ ಊಟಕ್ಕೆ ಕೂರುವ ಹೊತ್ತಿಗೆ ಥ್ಯಾಡಿಯಸ್ ಚರ್ಚಿನ ಅಡುಗೆಮನೆಯ ಹಿಂದಿನ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಧಪ್, ಧಪ್ ಎಂಬ ಸದ್ದು ಪಾತ್ರೆಗಳ ಸದ್ದನ್ನೂ ಮೀರಿ ಕೇಳುತ್ತಿತ್ತು. ಮೀನು ಕರಿಯುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬಳು ಒಲೆ ಆರಿಸಿ ಅವನ ಅಕ್ಕ ವರ್ಲೀನಳನ್ನು ಕರೆಯಲು ಓಡಿದಳು. ವರ್ಲೀನ್ ಬಂದವಳೇ ಗೋಡೆಗೂ ತಮ್ಮನ ಹಣೆಗೂ ನಡುವೆ ತನ್ನ ಕೈ ಇಟ್ಟಳು. ಮುಂದಿನ ಪೆಟ್ಟು ಅವಳ ಬೆರಳುಗಳ ಮೇಲೆ ಬಿತ್ತು.

"ಎಲ್ಲೋ ನೋವು?"

"ಸೊಂಟ, ತೊಡೆ, ಬೆನ್ನು. ಎಲ್ಲಾ ಕಡೆ ಅಕ್ಕಾ. ಯಾರೋ ಸುತ್ತಿಗೆ ತಗೊಂಡು ಮೂಳೆ ಕುಟ್ತಾ ಇದಾರೆ."

"ಎದೆ?"

"ಎದೆಗೆ ಬಂದಿಲ್ಲ."

"ಟೈ ಯಾಕೆ ಬಿಚ್ಚಿದೆ? ಹಾಕ್ಕೋ."

"ಅಕ್ಕಾ, ಆಗಲ್ಲ..."

"ಹಾಕ್ಕೋ ಅಂದೆ."

ಅವಳೇ ಟೈ ಬಿಗಿದಳು, ಹಣೆಗೆ ಮೆತ್ತಿದ್ದ ಸುಣ್ಣ ಒರೆಸಿದಳು, ಕಪ್ಪು ಕೋಟಿನ ಗುಂಡಿ ಹಾಕಿದಳು. ಎಂಥ ಕಲ್ಲೆದೆಯ ಹೆಂಗಸು ಎಂದು ಯಾರಿಗಾದರೂ ಅನ್ನಿಸಿದರೆ, ಅವರು ಟೈ ಇಲ್ಲದೆ ಆಸ್ಪತ್ರೆಗೆ ಹೋಗಿ ಬದುಕಿ ಬಂದ ಪುಣ್ಯವಂತರು ಎಂದು ಲೆಕ್ಕ. ಅಮೆರಿಕದ ಸೇಂಟ್ ಲೂಯಿಸ್ ಊರಿನ ಉತ್ತರ ಭಾಗದ ಕಪ್ಪು ಜನಕ್ಕೆ ಆ ಪುಣ್ಯ ಇಲ್ಲ.

ಥ್ಯಾಡಿಯಸನಿಗೆ ಹುಟ್ಟಿದಾಗಿನಿಂದ ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ, ಒಂದಕ್ಕೊಂದು ಸಿಕ್ಕಿಕೊಂಡು, ನಾಳಗಳಲ್ಲಿ ಗಂಟು ಬೀಳುತ್ತವೆ. ರಕ್ತ ಹರಿಯದ ಕಡೆ ಮಾಂಸ, ಮೂಳೆ ಜೀವಂತವಾಗಿಯೇ ಸಾಯತೊಡಗುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಗಾಯ ಇಲ್ಲ, ಬಾವು ಇಲ್ಲ, ಜ್ವರವೂ ಇಲ್ಲದಿರಬಹುದು. ಕಾಣುವುದು ಬಾಗಿಲು ತುಂಬುವಷ್ಟು ಎತ್ತರದ ಒಬ್ಬ ಕಪ್ಪು ಗಂಡಸು, ನೋವಿನ ಔಷಧಿ ಕೇಳುತ್ತಾ ನಿಂತಿರುವುದು ಮಾತ್ರ.

ಇವರ ಹಿರಿಯಣ್ಣ ರಾಸ್ಕೋಗೂ ಇದೇ ಕಾಯಿಲೆ ಇತ್ತು. ಅವನು ಹರಿದ ಬನಿಯನ್ನಿನಲ್ಲೇ ಎಮರ್ಜೆನ್ಸಿಗೆ ಹೋಗಿ, ನೆಲದ ಮೇಲೆ ಬಿದ್ದು ಹೊರಳಾಡಿ, ಮಾರ್ಫಿನ್ ಕೊಡಿ ಮಾರ್ಫಿನ್ ಕೊಡಿ ಎಂದು ಕೂಗಿಕೊಂಡ. ನಶೆಗೆ ಬಿದ್ದವನು ಎಂದರು. ಇಬ್ಬರು ಸೆಕ್ಯುರಿಟಿಯವರು ಕಾಲು ಹಿಡಿದು ಎಳೆದುಕೊಂಡು ಹೋಗಿ ಹೊರಗೆ ಬಿಸಾಡಿದರು. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ, ಕಾಯಿಲೆ ಎದೆಗೆ ಏರಿ, ಉಸಿರು ಸಿಗದೆ ಸತ್ತ. ಆವತ್ತು ಅವರಮ್ಮ ಮನೆಗೆ ಒಂದು ಕಟ್ಟಳೆ ಮಾಡಿದಳು. ಆಸ್ಪತ್ರೆಗೆ ಹೋಗುವಾಗ ಚರ್ಚಿನ ಬಟ್ಟೆ ಹಾಕಬೇಕು. ಕೂಗಬಾರದು, ಅಳಬಾರದು. ಕೈ ಎರಡೂ ಮಂಡಿಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಏನಾದರೂ ಆಗಲಿ, ಔಷಧಿಯ ಹೆಸರು ಬಾಯಿಂದ ಬರಬಾರದು. ಅಮ್ಮ ತೀರಿಕೊಂಡ ಮೇಲೆ ಕಟ್ಟಳೆಯನ್ನು ವರ್ಲೀನ್ ಹಿಡಿದಳು, ಅಮ್ಮನಿಗಿಂತ ಬಿಗಿಯಾಗಿ ಹಿಡಿದಳು.

ಅವಳಿಗೆ ಇದು ಹೊಸದೇನಲ್ಲ. ಚರ್ಚಿನಲ್ಲಿ ಬಾಗಿಲ ಸೇವೆ ಮಾಡುವವರ ಮುಖ್ಯಸ್ಥೆ ಅವಳೇ. ಬಿಳಿ ಕೈಗವಸು ತೊಟ್ಟು, ಬೆನ್ನು ನೆಟ್ಟಗೆ ಮಾಡಿ, ಪ್ರಾರ್ಥನೆ ನಡೆಯುವಷ್ಟು ಹೊತ್ತೂ ಬಾಗಿಲಲ್ಲಿ, ಸಾಲುಗಳ ನಡುವೆ ನಿಂತಿರುವ ಜನ ಅವರು. ಅವರಲ್ಲಿ ಮಾತಿಲ್ಲ, ಕೈಸನ್ನೆಯೇ ಎಲ್ಲ. ಎರಡು ಬೆರಳು ಎತ್ತಿದರೆ ಇಬ್ಬರಿಗೆ ಜಾಗ ಇದೆ. ಅಂಗೈ ಕೆಳಗೆ ಮಾಡಿದರೆ ಕೂರಿಸು. ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ತೋರಿಸಿದರೆ, ನಾನು ಬಂದು ಬಿಡಿಸುವ ತನಕ ಜಾಗ ಬಿಡಬೇಡ. ಭಕ್ತಿಯ ಆವೇಶದಲ್ಲಿ ಯಾರು ಮೂರ್ಛೆ ಹೋಗಲಿ, ಯಾರು ಕುಣಿಯಲಿ, ಮುಷ್ಟಿ ಕಂಡವರು ಅಲುಗುವ ಹಾಗಿಲ್ಲ. ಥ್ಯಾಡಿಯಸ್ ಅವಳ ಕೈಕೆಳಗೆ ಬೆಳೆದವನು. ಅವನಷ್ಟು ನೆಟ್ಟಗೆ ನಿಲ್ಲುವವರು ಇಡೀ ಊರಿನಲ್ಲಿ ಇಲ್ಲ ಎಂದು ಅವಳಿಗೆ ಜಂಬ.

ಕಾರಿನಲ್ಲಿ ಅವನು ಸೀಟ್ ಬೆಲ್ಟ್ ಕಚ್ಚಿಕೊಂಡು ಕೂತ. ಹತ್ತಿರದಲ್ಲಿದ್ದ ಆಸ್ಪತ್ರೆ ಮುಚ್ಚಿ ವರ್ಷಗಳಾಗಿವೆ. ಅವನ ಡಾಕ್ಟರು ಭಾನುವಾರ ಫೋನ್ ಎತ್ತುವುದಿಲ್ಲ. ಇನ್ನು ಉಳಿದಿರುವುದು ಊರಿನ ಆ ಕಡೆಯ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ಒಂದೇ. ಕಪ್ಪು ಜನ ಶೀತ ಆದರೂ ಎಮರ್ಜೆನ್ಸಿಗೆ ನುಗ್ಗುತ್ತಾರೆ ಎಂದು ಟಿವಿಯಲ್ಲಿ ಕೂತು ಹರಟುವ ಮಹಾಶಯರು ಒಂದು ಭಾನುವಾರ ಈ ಕಾರಿನ ಹಿಂದಿನ ಸೀಟಿನಲ್ಲಿ ಕೂರಬೇಕಿತ್ತು.

ಒಳಗೆ ಗಾಜಿನ ಕಿಟಕಿಯ ಹಿಂದೆ ಒಬ್ಬ ನರ್ಸ್ ಇದ್ದಳು. ಸಿಕಲ್ ಸೆಲ್ ಎಂದು ಕೇಳಿದ ಕೂಡಲೇ ಅವಳ ಮುಖ ಬಾಗಿಲು ಹಾಕಿಕೊಂಡಿತು.

"ಹತ್ತರಲ್ಲಿ ಎಷ್ಟು ನೋವು?"

"ಏಳು ಮೇಡಂ," ಎಂದ ಥ್ಯಾಡಿಯಸ್.

ಹತ್ತು ಎಂದರೆ ಹುಬ್ಬು ಮೇಲೆ ಹೋಗುತ್ತದೆ, ಐದು ಎಂದರೆ ಮನೆಗೆ ಕಳಿಸುತ್ತಾರೆ. ಏಳು ಆ ಮನೆಯವರು ಆರಿಸಿಟ್ಟುಕೊಂಡ ಸಂಖ್ಯೆ. ಹೇಳುವಾಗ ಅವನ ದವಡೆಯ ನರ ಹಗ್ಗದಂತೆ ಉಬ್ಬಿತ್ತು, ದನಿ ಮಾತ್ರ ನಯವಾಗಿತ್ತು.

"ಸಾಮಾನ್ಯವಾಗಿ ಯಾವ ಔಷಧಿ ಕೊಟ್ರೆ ಕಡಿಮೆ ಆಗತ್ತೆ?"

ಅವನು ಅಕ್ಕನ ಕಡೆ ನೋಡಿದ. ವರ್ಲೀನ್ ಕಣ್ಣಲ್ಲೇ ಬೇಡ ಎಂದಳು.

"ನಿಮಗೆ ಯಾವುದು ಸರಿ ಕಾಣತ್ತೋ ಅದು ಮೇಡಂ."

"ಸರಿ. ಕೂತಿರಿ. ಕರೀತೀವಿ."

ಕೂತರು. ಥ್ಯಾಡಿಯಸ್ ಬೆನ್ನು ನೆಟ್ಟಗೆ ಮಾಡಿ, ಅಂಗೈಗಳನ್ನು ಮಂಡಿಯ ಮೇಲಿಟ್ಟು, ಎದುರಿನ ಗೋಡೆ ನೋಡತೊಡಗಿದ. ಕೆಮ್ಮುವವರು, ಹೊಟ್ಟೆ ಹಿಡಿದವರು, ಮಲಗಿದವರು, ಕೋಣೆ ತುಂಬಾ ಜನ. ಮುಕ್ಕಾಲು ಪಾಲು ಕಪ್ಪು ಮುಖಗಳೇ. ಅವರಲ್ಲಿ ಬಹಳ ಜನ ಬೆಳಗಿನಿಂದ ಅಲ್ಲೇ ಇದ್ದವರು.

ಸ್ವಲ್ಪ ಹೊತ್ತಿಗೆ ಬಾಗಿಲು ದಬ್ಬಿಕೊಂಡು ಒಬ್ಬ ಬಿಳಿಯ ಬಂದ. ಗಾಲ್ಫ್ ಆಡುವ ಬಟ್ಟೆ, ಕೆಂಪೇರಿದ ಮುಖ, ಸೊಂಟದ ಮೇಲೆ ಕೈ. ಕಿಡ್ನಿಯಲ್ಲಿ ಕಲ್ಲಂತೆ. ಗಂಟಲು ಹರಿಯುವಂತೆ ಕೂಗುತ್ತಿದ್ದ. "ಏನ್ ಮಾಡ್ತಾ ಇದೀರಿ ಎಲ್ರೂ? ಸಾಯ್ತಾ ಇದೀನಿ ನಾನು! ಮಾರ್ಫಿನ್ ಕೊಡ್ರೋ!" ಎಂದು ನರ್ಸಿನ ವಂಶವನ್ನೆಲ್ಲ ಎಳೆದು ಬೈದ. ಆಮೇಲೆ ಮೂಲೆಯಲ್ಲಿದ್ದ ತಂಪುಪಾನೀಯದ ಯಂತ್ರಕ್ಕೆ ಗುದ್ದಿದ. ಗಾಜು ಒಡೆದು ಚೂರು ಅವನ ಕಾಲ ಹತ್ತಿರ ಉದುರಿತು, ಮುಂಗೈಯಿಂದ ರಕ್ತ ಸುರಿಯಿತು.

ಇಬ್ಬರು ಸೆಕ್ಯುರಿಟಿಯವರು ಬಂದರು. ಹಿರಿಯವನು ಕ್ಲಿಯೋಫಸ್, ಕಪ್ಪು ಮನುಷ್ಯ, ಉತ್ತರ ಭಾಗದವನೇ. ಕಿರಿಯವನು ಬಿಳಿಯ, ಸೊಂಟದಲ್ಲಿ ಪಿಸ್ತೂಲು.

"ಸಮಾಧಾನ ಸಾರ್, ಸಮಾಧಾನ. ಕೈಗೆ ಏನಾಯ್ತು ನೋಡೋಣ," ಎಂದ ಕಿರಿಯವನು, ಹೆಗಲ ಮೇಲೆ ಕೈ ಹಾಕಿ.

ಗಾಲಿಕುರ್ಚಿ ಬಂತು. ಬಾಗಿಲು ತೆರೆಯಿತು, ಅವನು ಒಳಗೆ ಹೋದ. ಅಷ್ಟೇ. ಬೆಳಗಿನಿಂದ ಕೂತಿದ್ದ ಒಬ್ಬ ಅಜ್ಜಿ, "ನಮಗೂ ಒಂದೊಂದು ಮೆಶೀನ್ ತಂದಿಡಿ ಒಡೆಯೋಕೆ," ಎಂದಳು. ಎಲ್ಲರೂ ನಕ್ಕರು. ವರ್ಲೀನಳಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಅಕ್ಕಾ."

ಅವಳು ತಿರುಗಿದಳು. ಥ್ಯಾಡಿಯಸನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು.

"ಎದೆ," ಎಂದ.

ರಾಸ್ಕೋ ಬೆಂಚಿನ ಮೇಲೆ ಎದೆ ಹಿಡಿದುಕೊಂಡ ಮೇಲೆ ಹೆಚ್ಚು ಹೊತ್ತು ಇರಲಿಲ್ಲ. ಈಗ ಬೇಕಾದದ್ದು ಆಕ್ಸಿಜನ್, ರಕ್ತ, ಡಾಕ್ಟರು. ಕೂಡಲೇ ಬೇಕು. ಇಲ್ಲದಿದ್ದರೆ ಇವನೂ ಹೋಗುತ್ತಾನೆ. ಆದರೂ ಅವಳು ಎದ್ದು ಸ್ಕರ್ಟ್ ಸರಿಮಾಡಿಕೊಂಡು, ಮರ್ಯಾದೆಯಿಂದ ಕಿಟಕಿಗೆ ಹೋದಳು. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

"ಮೇಡಂ, ನನ್ನ ತಮ್ಮನಿಗೆ ಎದೆಗೆ ಬಂದಿದೆ. ಉಸಿರಾಡೋಕೆ ಆಗ್ತಾ ಇಲ್ಲ. ದಯವಿಟ್ಟು..."

"ನಾನು ಆವಾಗಿಂದ ನೋಡ್ತಾನೇ ಇದೀನಲ್ಲ ಅವರನ್ನ. ಆರಾಮಾಗಿ ಕೂತಿದಾರೆ," ಎಂದಳು ನರ್ಸ್.

ವರ್ಲೀನ್ ಹಿಂದಿರುಗಿ ನೋಡಿದಳು. ನಿಜವೇ. ಕಪ್ಪು ಕೋಟು, ಬಿಗಿದ ಟೈ, ಮಂಡಿಯ ಮೇಲೆ ಎರಡು ಕೈ. ಮದುವೆಯ ಮನೆಯಲ್ಲಿ ಊಟಕ್ಕೆ ಕಾದು ಕೂತವನ ಹಾಗೆ ಇದ್ದ. ಹಾಗೆ ಕೂರಿಸಿದವಳು ಅವಳೇ. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿ, ಓಡಿ ಬಂದು ಅವನ ಮುಂದೆ ಮಂಡಿಯೂರಿದಳು.

"ಕೂಗೋ ಮಗಾ. ಪರವಾಗಿಲ್ಲ, ಈಗ ಕೂಗು. ನೆಲಕ್ಕೆ ಬಿದ್ದು ಹೊರಳಾಡು. ನಾನೇ ಹೇಳ್ತಾ ಇದೀನಿ."

ಅವನು ತಲೆಯಾಡಿಸಿದ. "ಉಸಿರಿಲ್ಲ ಅಕ್ಕಾ... ಕೂಗೋಕೆ."

ಅವನ ಪಾಲಿನದನ್ನು ಅವಳು ಕೂಗಿದಳು. ಹುಟ್ಟಿದಾಗಿನಿಂದ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. "ಸಾಯ್ತಾ ಇದಾನೆ ಕಣ್ರೇ! ಕಣ್ಣು ಕಾಣಲ್ವಾ ನಿಮಗೆ? ಆಕ್ಸಿಜನ್ ಹಾಕ್ರೇ! ಮಾರ್ಫಿನ್ ಕೊಡ್ರೇ! ಕೇಳಿಸ್ತಾ? ಮಾರ್ಫಿನ್! ಆ ಗಾಲ್ಫ್ ಆಡೋನಿಗೆ ಕೊಟ್ರಲ್ಲ, ಅದೇ!"

ಗಾಜಿನ ಹಿಂದೆ ನರ್ಸ್ ಫೋನ್ ಎತ್ತಿದಳು. ಕ್ಲಿಯೋಫಸ್ ಅಂಗೈ ಮುಂದೆ ಹಿಡಿದುಕೊಂಡು ಬಂದ.

"ಅಕ್ಕಾವ್ರೇ, ಬೇಡ. ಇಲ್ಲಿ ಬೇಡ. ನನ್ನ ಜೊತೆ ಇರೋ ಆ ಹುಡುಗನ್ನ ನೋಡಿ, ಬಿಸಿ ರಕ್ತ. ಸುಮ್ನೆ ಕೂತ್ಕೊಳ್ಳಿ, ಕೈ ಮುಗೀತೀನಿ."

"ನಮ್ಮೋನೇ ಅಲ್ವೇನೋ ನೀನು? ಒಳಗೆ ಹೋಗಿ ಒಬ್ಬ ಡಾಕ್ಟರನ್ನ ಎಳ್ಕೊಂಡ್ ಬಾ!"

"ನನ್ನ ಕೈಲಿ ಅದಿಲ್ಲಮ್ಮ. ಸರದಿ..."

ಸರದಿ! ಆ ಒಂದು ಮಾತಿಗೆ ಅವಳ ತಲೆ ಕೆಟ್ಟಿತು. ಕೈ ತೊಳೆಯುವ ದ್ರವ ಇಟ್ಟಿದ್ದ ಕಬ್ಬಿಣದ ಸ್ಟ್ಯಾಂಡ್ ಪಕ್ಕದಲ್ಲೇ ಇತ್ತು. ಎರಡೂ ಕೈಯಲ್ಲಿ ಎತ್ತಿ ಬೀಸಿದಳು. ಮೊದಲ ಪೆಟ್ಟಿಗೆ ಕಿಟಕಿಯ ಗಾಜು ಬಿರಿಯಿತು. ಎರಡನೆಯದಕ್ಕೆ ಒಳಕ್ಕೆ ಕುಸಿಯಿತು. ನರ್ಸ್ ಕಿರುಚಿಕೊಂಡು ಮೇಜಿನ ಕೆಳಗೆ ಅವಿತಳು. ವರ್ಲೀನ್ ಮೂರನೆಯ ಸಲ ಎತ್ತುವಷ್ಟರಲ್ಲಿ ಬಿಳಿಯ ಹುಡುಗ ಹಿಂದಿನಿಂದ ಬಂದು ಅಪ್ಪಳಿಸಿದ. ಇಬ್ಬರೂ ಗಾಜಿನ ಚೂರಿನ ಮೇಲೆ ಬಿದ್ದರು. ಅವಳ ಕೆನ್ನೆ ನೆಲಕ್ಕೆ ಒತ್ತಿ ಹೋಯಿತು, ಬಾಯಲ್ಲಿ ಒಂದು ಹಲ್ಲು ಸಡಿಲವಾಯಿತು. ಬೆನ್ನ ಮೇಲೆ ಅವನ ಮಂಡಿ. ಎಡಗೈಯನ್ನು ಹಿಂದಕ್ಕೆ ಎಳೆದು ತಿರುಚಿದ. ಒಣಗಿದ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅಜ್ಜಿ "ಅಯ್ಯೋ ಬಿಡೋ, ಸಾಯಿಸ್ಬೇಡ್ವೋ!" ಎಂದು ಚೀರಿದಳು.

ಆಗ ಥ್ಯಾಡಿಯಸ್ ಎದ್ದ.

ಎಲ್ಲಿಂದ ಆ ಬಲ ಬಂತೋ, ಕುರ್ಚಿಯ ತೋಳು ಹಿಡಿದು ಪೂರ್ತಿ ಎದ್ದು ನಿಂತ. ಒಂದು ಹೆಜ್ಜೆ ಇಟ್ಟ. ನೆಲದ ಮೇಲಿನಿಂದ ವರ್ಲೀನಳಿಗೆ ಮೊದಲು ಕಂಡದ್ದು ಅವನ ಹೊಳೆಯುವ ಬೂಟು. ಆಮೇಲೆ ಕಂಡದ್ದು ಹುಡುಗನ ಕೈ ಅವಳ ತೋಳು ಬಿಟ್ಟು ಸೊಂಟದ ಪಿಸ್ತೂಲಿನ ಕಡೆಗೆ ಹೋದದ್ದು.

"ಹಿಂದಕ್ಕೆ ಹೋಗೋ! ಹಿಂದಕ್ಕೆ!" ಎಂದು ಹುಡುಗ ಅರಚಿದ. ಅವನ ದನಿ ಹೆದರಿಕೆಯಿಂದ ಒಡೆದಿತ್ತು.

ಗಾಜು ಒಡೆದ ಹೆಂಗಸಿಗೆ ಒದೆ ಬೀಳುತ್ತದೆ. ಮುಂದೆ ಬಂದ ಗಂಡಸಿಗೆ ಗುಂಡು ಬೀಳುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಾಯಿ ನೆಲಕ್ಕೆ ಒತ್ತಿಕೊಂಡಿತ್ತು, ಮಾತು ಹೊರಡಲಿಲ್ಲ. ಬಲಗೈ ಒಂದು ಮಾತ್ರ ಅವಳ ಸ್ವಾಧೀನದಲ್ಲಿತ್ತು. ಅದನ್ನು ಮುಂದೆ ಚಾಚಿ, ಹೆಬ್ಬೆರಳು ಒಳಗೆ ಮಡಚಿ, ಮುಷ್ಟಿ ಬಿಗಿದು ತೋರಿಸಿದಳು.

ಥ್ಯಾಡಿಯಸ್ ನೋಡಿದ. ನಿಂತ. ಒಂದು ಹೆಜ್ಜೆ ಹಿಂದೆ ಇಟ್ಟು ಕುರ್ಚಿಯಲ್ಲಿ ಕೂತ. ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಗಳನ್ನು ಮಂಡಿಯ ಮೇಲೆ ಇಟ್ಟ. ಹುಡುಗ ಪಿಸ್ತೂಲಿನಿಂದ ಕೈ ತೆಗೆದ. ಸದ್ಯ ಬದುಕಿಸಿದೆ ಎಂದುಕೊಂಡಳು ವರ್ಲೀನ್.

ಅವಳಿಗೆ ಸರದಿ ಬರುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ತೋಳಿನ ಮೂಳೆ ಚರ್ಮದ ಕೆಳಗೆ ಉಬ್ಬಿಕೊಂಡಿತ್ತು, ಹಣೆಯಿಂದ ರಕ್ತ ಸುರಿಯುತ್ತಿತ್ತು. ತಳ್ಳುಮಂಚ ಬಂತು, ಬಾಗಿಲು ತೆರೆಯಿತು, ಒಳಗೆ ಹೋದಳು. ಬಲಗೈಗೆ ಬೇಡಿ ಹಾಕಿ ಮಂಚದ ಸರಳಿಗೆ ಬಿಗಿದರು. ಪರದೆ ಎಳೆದರು. ಬಿಳಿ ಕೋಟಿನ ಎಳೆ ಮುಖದ ಡಾಕ್ಟರು ಓಡಿ ಬಂದಳು. ಹತ್ತರಲ್ಲಿ ಎಷ್ಟು ಎಂದು ಯಾರೂ ಕೇಳಲಿಲ್ಲ.

"ಕೈ ಮುರಿದಿದೆ. ನೋವಿಗೆ ಮಾರ್ಫಿನ್ ಕೊಡ್ತಾ ಇದೀನಿ," ಎಂದಳು ಡಾಕ್ಟರು.

"ನನಗೆ ಬೇಡ! ಹೊರಗೆ ನನ್ನ ತಮ್ಮ ಕೂತಿದಾನೆ, ಥ್ಯಾಡಿಯಸ್ ಪೆಟಿಗ್ರೂ. ಸಿಕಲ್ ಸೆಲ್. ಎದೆಗೆ ಬಂದಿದೆ. ಅವನಿಗೆ ಕೊಡಿ, ಈಗಲೇ ಕರ್ಕೊಂಡ್ ಬನ್ನಿ!"

ಡಾಕ್ಟರು ಪಕ್ಕದ ಕಂಪ್ಯೂಟರ್ ನೋಡಿದಳು. "ನೋವು ಏಳು ಅಂತ ಬರೆದಿದಾರೆ. ಕರೀತಾರೆ ಅವರನ್ನೂ."

"ಏಳಲ್ಲ ಕಣಮ್ಮಾ! ಹತ್ತು, ಹನ್ನೆರಡು, ಇಪ್ಪತ್ತು! ಏಳು ಅನ್ನು ಅಂತ ಹೇಳಿಕೊಟ್ಟಿದ್ದು ನಾನು! ಕೂಗಬೇಡ ಅಂದಿದ್ದೂ ನಾನೇ! ಅವನು ಎದ್ದು ಬರಲ್ಲ, ನಾನು ಏಳು ಅನ್ನೋ ತನಕ ಅವನು ಏಳಲ್ಲ. ಹೋಗಿ ನೋಡಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ!"

ಅವಳು ಬೇಡಿ ಎಳೆದ ರಭಸಕ್ಕೆ ಮಂಚ ಅಲುಗಿತು, ಮಣಿಕಟ್ಟು ಸುಲಿಯಿತು. ಡಾಕ್ಟರು ಅವಳ ಮುಖ ನೋಡಿದಳು. ಏನು ಕಂಡಳೋ, ಕೈಯಲ್ಲಿದ್ದ ಸಿರಿಂಜನ್ನು ತಟ್ಟೆಗೆ ಹಾಕಿ ಹೊರಗೆ ಹೋದಳು. ಮೊದಲು ನಡೆದೇ ಹೋದಳು. ಆಮೇಲೆ ಕಾಯುವ ಕೋಣೆಯ ಕಡೆಯಿಂದ ಅವಳ ಕೂಗು ಕೇಳಿಸಿತು. ಓಡುವ ಕಾಲುಗಳು, ಚಕ್ರಗಳು, ಒಬ್ಬರ ಮೇಲೊಬ್ಬರ ಕೂಗಾಟ.

ಅವನನ್ನು ಪಕ್ಕದ ಪರದೆಯ ಆಚೆಗೆ ತಂದರು. ಕತ್ತರಿ ಕೋಟನ್ನು ಸೀಳುವ ಸದ್ದು ಅವಳಿಗೆ ಕೇಳಿಸಿತು. ಆಮೇಲೆ ಎದೆ ಒತ್ತತೊಡಗಿದರು. ಪ್ರತಿ ಒತ್ತಿಗೂ ಮಂಚ ಕಿರ್ ಎನ್ನುತ್ತಿತ್ತು. ಎಲ್ಲೋ ಒಂದು ಪಕ್ಕೆಲುಬು ಲಟಕ್ಕೆಂದಿತು. "ಇನ್ನೊಂದ್ಸಲ" ಎಂದರು. ಕರೆಂಟು ಕೊಟ್ಟಾಗ ಅವನ ದೊಡ್ಡ ಮೈ ಮಂಚದ ಮೇಲೆ ಎಗರಿ ಬಿದ್ದದ್ದು ಪರದೆಯ ಕೆಳಗಿನ ಸಂದಿಯಲ್ಲಿ ಕಂಡ ಚಕ್ರಗಳ ನಡುಕದಿಂದ ಗೊತ್ತಾಯಿತು. "ಇನ್ನೊಂದ್ಸಲ." ವರ್ಲೀನ್, "ಏಳೋ ಥ್ಯಾಡ್, ಮುಷ್ಟಿ ಬಿಟ್ಟಿದೀನಿ ಕಣೋ, ಏಳೋ," ಎಂದು ಪರದೆಗೆ ಹೇಳುತ್ತಲೇ ಇದ್ದಳು. ಕೊನೆಗೆ ಒತ್ತುವುದನ್ನು ನಿಲ್ಲಿಸಿದರು. ಡಾಕ್ಟರು ಪರದೆ ಸರಿಸಿ ಬಂದಳು. ಕೂದಲು ಹಣೆಗೆ ಅಂಟಿತ್ತು, ಉಸಿರು ಏರಿತ್ತು. ತಮ್ಮ ಉಳಿಯಲಿಲ್ಲ ಎಂದು ಹೇಳಿ ಹೋದಳು.

ಪೊಲೀಸರು ಬರುವ ತನಕ ಕಾವಲಿಗೆ ಕ್ಲಿಯೋಫಸನನ್ನು ಕಳಿಸಿದರು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವಳ ಎಡಕ್ಕೆ ನಿಂತ. ಏನಾದರೂ ಒಳ್ಳೆಯ ಮಾತು ಹೇಳಬೇಕು ಅನ್ನಿಸಿತೇನೋ.

"ನಾನು ಅವನ ಎದುರಿಗೇ ನಿಂತಿದ್ದೆ ತಾಯಿ. ಒಂದು ಸದ್ದಿಲ್ಲ, ಒಂದು ಗಲಾಟೆ ಇಲ್ಲ. ಎಷ್ಟು ಮರ್ಯಾದೆಯಾಗಿ ಕೂತಿದ್ದ ಅಂತೀರಿ. ಕಣ್ಣು ಮುಚ್ಚಿದ್ದ. ಪ್ರಾರ್ಥನೆ ಮಾಡ್ತಿದಾನೆ ಅಂದ್ಕೊಂಡೆ. ಪಾಪ, ತೊಂದರೆ ಕೊಡಬಾರದು ಅಂತ ನಾನೇ ಆ ಕಡೆ ಯಾರನ್ನೂ ಬಿಡಲಿಲ್ಲ."

ವರ್ಲೀನಳ ಬಲಗೈ ಬೇಡಿಯಲ್ಲಿತ್ತು. ಎಡಗೈ ಮುರಿದಿತ್ತು, ಇನ್ನೂ ಪಟ್ಟಿ ಕಟ್ಟಿರಲಿಲ್ಲ. ಆ ಕೈಯನ್ನೇ ಎತ್ತಿ ಅವನ ಎದೆಗೆ ಹೊಡೆದಳು. ಮುರಿದ ಮೂಳೆ ಒಳಗೆ ಉಜ್ಜಿ ಅವಳ ಕಣ್ಣು ಕತ್ತಲೆಗಟ್ಟಿತು. ಮತ್ತೆ ಎತ್ತಿ ಹೊಡೆದಳು. ಹೊಟ್ಟೆಯ ಆಳದಿಂದ ಬರೀ ಕೂಗು ಬಂತು. ಆ ಕೂಗು ಕೇಳಿ ನರ್ಸುಗಳು ನಾಲ್ಕೂ ಕಡೆಯಿಂದ ಓಡಿ ಬಂದರು, ಯಾರೋ ಸಿರಿಂಜು ಹುಡುಕಿದರು, ಯಾರೋ ಅವಳ ಕಾಲು ಹಿಡಿದರು. ಕ್ಲಿಯೋಫಸ್ ಹಿಂದೆ ಸರಿಯಲಿಲ್ಲ. ಅವನ ಅಂಗಿಯ ಮೇಲೆ ಅವಳ ರಕ್ತ ಮೆತ್ತಿಕೊಳ್ಳುತ್ತಿತ್ತು. "ಹೊಡೀರಿ ಅಕ್ಕಾವ್ರೇ, ಹೊಡೀರಿ," ಎಂದು ಹೇಳುತ್ತಾ ಅಲ್ಲೇ ನಿಂತಿದ್ದ.